ಸುಟ್ಟ ಟ್ಯಾಂಕನ್ನು ತೊಳೆಯುವವರಿಗೆ ಮೊದಲು ತಿಳಿಸಿ

ಸಂಪಾದಕರಿಗೆ,

ಮಾನ್ಯರೇ,

ಉಕ್ರೇನಿಗೆ ಚಾಲೆಂಜರ್-2 ಟ್ಯಾಂಕುಗಳ ಜೊತೆಗೆ ಡಿಪ್ಲೀಟೆಡ್ ಯುರೇನಿಯಂ ಗುಂಡುಗಳನ್ನೂ ಕೊಡುವುದಾಗಿ ಬ್ರಿಟನ್ 2023ರ ಮಾರ್ಚ್‌ನಲ್ಲಿ ಪ್ರಕಟಿಸಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅಮೆರಿಕವೂ ಅಬ್ರಾಮ್ಸ್ ಟ್ಯಾಂಕುಗಳಿಗೆ ಅಂಥವೇ ಗುಂಡುಗಳನ್ನು ಒದಗಿಸುವುದಾಗಿ ಹೇಳಿತು. ಅಂದಿನಿಂದ ಈ ವಿಷಯ ಎಲ್ಲಿ ಕಂಡರೂ ನಾನು ಬಿಡದೆ ಓದುತ್ತ ಬಂದಿದ್ದೇನೆ. ಒಂದು ಬರಹ ಇದನ್ನು ಅಣ್ವಸ್ತ್ರದ ಸಾಲಿಗೆ ಸೇರಿಸಿದರೆ ಇನ್ನೊಂದು ಬರಹ ‘ಹೆದರಬೇಕಾದದ್ದೇನೂ ಇಲ್ಲ’ ಎಂದು ಮುಗಿಸುತ್ತದೆ. ಎರಡರಲ್ಲೂ ಸೈನಿಕರ ಮಾತಿದೆ, ಊರಿನ ಜನರ ಮಾತಿದೆ. ಗುಂಡಿನ ಸದ್ದು ನಿಂತ ಮೇಲೆ ಸುಟ್ಟ ಟ್ಯಾಂಕಿನೊಳಗೆ ಇಳಿದು ಮಸಿ ಕೆರೆಯುವವರ, ಒಡೆದ ಲೋಹವನ್ನು ಕತ್ತರಿಸಿ ಲಾರಿಗೆ ಹೇರುವವರ, ಅಂಗಳದ ಧೂಳನ್ನು ಗುಡಿಸುವವರ ಮಾತು ಮಾತ್ರ ಇಲ್ಲ. ಈ ಪತ್ರ ಅವರ ಬಗ್ಗೆ.

ವಸ್ತು ಯಾವುದೆಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ನೆಲದಿಂದ ತೆಗೆದ ಯುರೇನಿಯಂನಲ್ಲಿ ಯುರೇನಿಯಂ-235 ಎಂಬ ಅಂಶ ಶೇ 0.7ರಷ್ಟು ಮಾತ್ರ ಇರುತ್ತದೆ. ರಿಯಾಕ್ಟರಿನ ಇಂಧನಕ್ಕಾಗಿ ಆ ಅಂಶವನ್ನು ಒಂದು ಪಾಲಿನಲ್ಲಿ ಹೆಚ್ಚಿಸಿಕೊಂಡ ಮೇಲೆ ಉಳಿಯುವ ಚರಟವೇ ಡಿಪ್ಲೀಟೆಡ್ ಯುರೇನಿಯಂ. ಅದರಲ್ಲಿ ಯುರೇನಿಯಂ-235 ಶೇ 0.2–0.3ರಷ್ಟಕ್ಕೆ ಇಳಿದಿರುತ್ತದೆ, ವಿಕಿರಣವೂ ಸಹಜ ಯುರೇನಿಯಂನ ಶೇ 60ರ ಆಸುಪಾಸಿಗೆ ಬಂದಿರುತ್ತದೆ. ಹಾಗಾಗಿ ಇದನ್ನು ಅಣುಬಾಂಬಿಗೆ ಹೋಲಿಸುವುದು ಸರಿಯಲ್ಲ. ಸೇನೆಗಳಿಗೆ ಇದು ಬೇಕಾಗಿರುವುದು ಭಾರಕ್ಕೆ: ಸೀಸಕ್ಕಿಂತ ಸುಮಾರು 1.7 ಪಟ್ಟು ಸಾಂದ್ರವಾದ ಈ ಲೋಹ ಉಕ್ಕಿನ ಕವಚವನ್ನು ಕೊರೆಯುತ್ತ ಹೋದಂತೆ ಮೊಂಡಾಗುವ ಬದಲು ತನ್ನನ್ನು ತಾನೇ ಚೂಪಾಗಿಸಿಕೊಳ್ಳುತ್ತದೆ, ಜೊತೆಗೆ ಹೊತ್ತಿಕೊಳ್ಳುತ್ತದೆ. ಹೊತ್ತಿಕೊಂಡ ಲೋಹ ಯುರೇನಿಯಂ ಆಕ್ಸೈಡಿನ ಕಪ್ಪು ಹುಡಿಯಾಗಿ ಟ್ಯಾಂಕಿನ ಒಳಗೋಡೆ, ಆಸನ, ತಂತಿಗಳ ಸಂದುಗೊಂದುಗಳಲ್ಲೆಲ್ಲ ಕೂರುತ್ತದೆ. ಅದರಲ್ಲೊಂದು ಪಾಲು ಶ್ವಾಸಕೋಶದ ತಳದವರೆಗೂ ಇಳಿಯುವಷ್ಟು ಸಣ್ಣದು. ನನ್ನ ಚಿಂತೆಯೆಲ್ಲ ಈ ಹುಡಿಯದು.

ಈ ಲೋಹ ದೇಹದ ಹೊರಗಿದ್ದರೆ ಅಪಾಯ ಕಡಿಮೆ, ಏಕೆಂದರೆ ಅದು ಮುಖ್ಯವಾಗಿ ಹೊರಸೂಸುವ ಆಲ್ಫಾ ಕಣ ಚರ್ಮದ ಮೇಲ್ಪದರವನ್ನೂ ದಾಟಲಾರದು. ಗುಂಡಿನ ತುಂಡೊಂದನ್ನು ಬರಿಗೈಯಲ್ಲಿ ಹಿಡಿದುಕೊಂಡೇ ಇದ್ದರೆ ಬೀಟಾ ಕಣಗಳಿಂದ ಆ ಜಾಗದ ಚರ್ಮಕ್ಕೆ ಗಂಟೆಗೆ ಸುಮಾರು 2 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ) ತಗಲುತ್ತದೆ, ಆದ್ದರಿಂದ ನೆನಪಿಗೆಂದು ಜೇಬಿಗೆ ಹಾಕಿಕೊಳ್ಳುವುದು ಬೇಡ ಎಂದು ತಜ್ಞರು ಹೇಳುತ್ತಾರೆ. ಒಳಗೆ ಹೋದಾಗಿನ ಕಥೆ ಬೇರೆ. ಯುರೇನಿಯಂ ಎಂದ ಕೂಡಲೇ ನಮಗೆ ಕ್ಯಾನ್ಸರ್ ನೆನಪಾಗುತ್ತದೆ, ಆದರೆ ಇದು ವಿಕಿರಣ ಸೂಸುವ ವಸ್ತು ಎಂಬುದಕ್ಕಿಂತ ಮೊದಲು ಸೀಸದಂತೆ ಒಂದು ವಿಷಲೋಹ, ಮತ್ತು ಅದರ ಮೊದಲ ಪೆಟ್ಟು ಬೀಳುವುದು ಮೂತ್ರಪಿಂಡಕ್ಕೆ. ರಕ್ತಕ್ಕೆ ಸೇರಿದ ಯುರೇನಿಯಂನಲ್ಲಿ ಸುಮಾರು ಶೇ 70ರಷ್ಟು 24 ಗಂಟೆಗಳೊಳಗೆ, ಶೇ 90ರಷ್ಟು ಕೆಲವೇ ದಿನಗಳಲ್ಲಿ ಮೂತ್ರದೊಂದಿಗೆ ಹೊರಹೋಗುತ್ತದೆ. ಹೊರಹೋಗುವ ದಾರಿಯಲ್ಲೇ ಅದು ಮೂತ್ರಪಿಂಡದ ಸೂಕ್ಷ್ಮ ನಾಳಗಳ ಒಳಪದರವನ್ನು ಘಾಸಿಗೊಳಿಸಬಲ್ಲದು. ನೀರಿನಲ್ಲಿ ಕರಗದ ಆಕ್ಸೈಡ್ ಕಣಗಳಾದರೋ ಶ್ವಾಸಕೋಶದಲ್ಲೂ ಅದರ ಸುತ್ತಲಿನ ದುಗ್ಧಗ್ರಂಥಿಗಳಲ್ಲೂ ವರ್ಷಗಟ್ಟಲೆ ಉಳಿದು, ಹೊರಗಿದ್ದಾಗ ಚರ್ಮವನ್ನು ದಾಟಲಾಗದಿದ್ದ ಅದೇ ಆಲ್ಫಾ ಕಣಗಳನ್ನು ಜೀವಕೋಶಗಳ ಮಗ್ಗುಲಲ್ಲೇ ಸೂಸುತ್ತಿರುತ್ತವೆ.

ಈ ಗುಂಡುಗಳನ್ನು ಯುದ್ಧದಲ್ಲಿ ಮೊದಲ ಬಾರಿಗೆ ದೊಡ್ಡ ಪ್ರಮಾಣದಲ್ಲಿ ಬಳಸಿದ್ದು 1991ರ ಕೊಲ್ಲಿ ಯುದ್ಧದಲ್ಲಿ. ಅಲ್ಲಿ ಸುಮಾರು 300 ಟನ್‌ ಖರ್ಚಾಯಿತು. ಯುದ್ಧ ಮುಗಿದು ನಾಲ್ಕೂವರೆ ತಿಂಗಳಾದ ಮೇಲೆ, 1991ರ ಜುಲೈ 11ರಂದು, ಕುವೈತಿನ ಕ್ಯಾಂಪ್ ದೋಹಾ ಎಂಬ ಅಮೆರಿಕದ ನೆಲೆಯಲ್ಲಿ ಮದ್ದುಗುಂಡಿನ ವಾಹನವೊಂದಕ್ಕೆ ಬೆಂಕಿ ಬಿದ್ದು ಇಡೀ ಅಂಗಳಕ್ಕೆ ಹಬ್ಬಿತು. ಮೂರು ಅಬ್ರಾಮ್ಸ್ ಟ್ಯಾಂಕುಗಳು ಸುಟ್ಟವು, ಡಿಪ್ಲೀಟೆಡ್ ಯುರೇನಿಯಂನ 660ರಷ್ಟು ದೊಡ್ಡ ಗುಂಡುಗಳು ಹಾನಿಗೊಂಡವು ಅಥವಾ ನಾಶವಾದವು. ನಂತರದ ದಿನಗಳಲ್ಲಿ ಆ ಅಂಗಳವನ್ನು ಪೊರಕೆ ಹಿಡಿದು ಗುಡಿಸಿದವರು ಸಾಮಾನ್ಯ ಸೈನಿಕರು. ತಾವು ಗುಡಿಸುತ್ತಿರುವ ಬೂದಿಯಲ್ಲಿ ಏನಿದೆ ಎಂಬುದು ಅವರಲ್ಲಿ ಅನೇಕರಿಗೆ ಗೊತ್ತಿರಲಿಲ್ಲ. ಜುಲೈ 23ರಂದು, ಅದೇ ಸ್ವಚ್ಛತಾ ಕೆಲಸದ ನಡುವೆ, ಸಿಡಿಯದೆ ಉಳಿದಿದ್ದ ಮದ್ದು ಸಿಡಿದು ಮೂವರು ಸತ್ತರು. ಸ್ವಚ್ಛಗೊಳಿಸುವವರ ಮುಂದೆ ಯಾವಾಗಲೂ ಒಂದಕ್ಕಿಂತ ಹೆಚ್ಚು ಅಪಾಯಗಳಿರುತ್ತವೆ, ಮತ್ತು ಸಿಡಿಯುವ ಅಪಾಯದ ಎದುರಿಗೆ ಮೂಗಿನೊಳಗೆ ಸದ್ದಿಲ್ಲದೆ ಇಳಿಯುವ ಅಪಾಯ ಸಹಜವಾಗಿಯೇ ಮರೆಯಾಗುತ್ತದೆ.

ಅದೇ ಯುದ್ಧದಲ್ಲಿ ತಮ್ಮವರದೇ ಗುಂಡಿಗೆ ಸಿಕ್ಕಿ ಹಾಳಾದ ಅಮೆರಿಕದ ವಾಹನಗಳನ್ನು ವಾಪಸು ಸಾಗಿಸಲು ಸಿದ್ಧಗೊಳಿಸುವ ಕೆಲಸ ನ್ಯಾಷನಲ್ ಗಾರ್ಡ್‌ನ ಒಂದು ತುಕಡಿಯ ಪಾಲಿಗೆ ಬಂತು. ಆ ಕೆಲಸಕ್ಕೆ ಹಚ್ಚಿದ ಇಪ್ಪತ್ತಕ್ಕೂ ಹೆಚ್ಚು ಜನ ವಾರಗಟ್ಟಲೆ ಆ ವಾಹನಗಳ ಮೇಲೆ ಹತ್ತಿ, ಒಳಗೆ ಇಳಿದು ದುಡಿದ ನಂತರವಷ್ಟೇ ಅವುಗಳಲ್ಲಿ ಯುರೇನಿಯಂ ಧೂಳಿದೆ ಎಂಬುದು ಅವರ ಕಿವಿಗೆ ಬಿತ್ತು. ಅಮೆರಿಕದ ಸಂಸತ್ತಿಗೆ ವರದಿ ಮಾಡುವ ಲೆಕ್ಕಪರಿಶೋಧನಾ ಸಂಸ್ಥೆ 1993ರ ಜನವರಿಯಲ್ಲಿ ಕೊಟ್ಟ ವರದಿ, ಇಂಥ ಮಾಲಿನ್ಯವನ್ನು ನಿಭಾಯಿಸಲು ಸೇನೆ ಸಾಕಷ್ಟು ಸಿದ್ಧವಾಗಿರಲಿಲ್ಲ ಎಂದು ಶೀರ್ಷಿಕೆಯಲ್ಲೇ ಹೇಳಿತು. ಕದನದ ನಡುವೆ ಈ ಮುನ್ನೆಚ್ಚರಿಕೆಗಳನ್ನು ಬದಿಗಿಡಬಹುದು, ಏಕೆಂದರೆ ಅಲ್ಲಿ ಅದಕ್ಕಿಂತ ದೊಡ್ಡ ಅಪಾಯವಿದೆ ಎಂಬುದು ಸೇನಾಧಿಕಾರಿಗಳ ನಿಲುವು ಎಂದೂ ಆ ವರದಿಯಲ್ಲಿ ದಾಖಲಾಗಿದೆ. ಕದನದ ಮಟ್ಟಿಗೆ ಈ ಮಾತನ್ನು ನಾನೂ ಒಪ್ಪುತ್ತೇನೆ. ಹೊತ್ತಿ ಉರಿಯುವ ವಾಹನದಿಂದ ಗೆಳೆಯನನ್ನು ಎಳೆದುಕೊಳ್ಳುವವನಿಗೆ ಮುಖವಾಡ ಎಲ್ಲಿ ಎಂದು ಕೇಳುವುದು ಅನ್ಯಾಯ. ಆದರೆ ಅದೇ ವಾಹನವನ್ನು ಮೂರು ವಾರಗಳ ನಂತರ, ಯಾರೂ ಗುಂಡು ಹಾರಿಸದ ಅಂಗಳದಲ್ಲಿ, ಎಂಟು ಗಂಟೆಯ ಪಾಳಿಯಲ್ಲಿ ಕೆರೆಯುವವನ ವಿಷಯದಲ್ಲಿ ಈ ನೆಪಕ್ಕೆ ಜಾಗವೇ ಇಲ್ಲ. ಅವನದು ಕಾರ್ಖಾನೆಯ ಕೆಲಸದಂಥ ಕೆಲಸ, ಮತ್ತು ಕಾರ್ಖಾನೆಯ ಕೆಲಸಕ್ಕೆ ಸಲ್ಲುವ ನಿಯಮಗಳೆಲ್ಲ ಅವನಿಗೂ ಸಲ್ಲಬೇಕು.

ಈ ಮಾತನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಲೋಹದ ಧೂಳಿನಲ್ಲಿ ದುಡಿಯುವವರ ಆರೋಗ್ಯ ತಪಾಸಣೆಯನ್ನು ನಾನು ಹಲವು ವರ್ಷ ಮಾಡಿದ್ದೇನೆ. ನಾನು ಕಂಡದ್ದು ಯುರೇನಿಯಂ ಅಲ್ಲ, ಸೀಸ. ಒಬ್ಬ ಕಾರ್ಮಿಕ ದಿನವಿಡೀ ಮುಖವಾಡ ತೊಟ್ಟಿದ್ದೆ ಎಂದು ಪ್ರಾಮಾಣಿಕವಾಗಿ ಹೇಳಿದ, ಆದರೂ ಅವನ ರಕ್ತದಲ್ಲಿ ಸೀಸ ಏರುತ್ತಲೇ ಇತ್ತು. ಕೊನೆಗೊಂದು ದಿನ ಅವನ ಮುಖವಾಡದ ಒಳಬದಿಯನ್ನು ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಒರೆಸಿ ನೋಡಿದೆ. ಮೂಗಿನ ಎರಡೂ ಪಕ್ಕಗಳಲ್ಲಿ ಅಂಚು ಕೂರುವ ಕಡೆ ಬಟ್ಟೆಯ ಮೇಲೆ ಬೂದುಬಣ್ಣದ ಎರಡು ಗೆರೆ ಮೂಡಿದವು. ಮುಖವಾಡ ಅವನ ಮುಖಕ್ಕೆ ದೊಡ್ಡದಾಗಿತ್ತು, ಸಂದಿನಿಂದ ಧೂಳು ನುಸುಳುತ್ತಿತ್ತು. ಮಾತಾಡಬೇಕಾದಾಗಲೆಲ್ಲ ಅವನು ಅದನ್ನು ಗಲ್ಲಕ್ಕೆ ಇಳಿಸುತ್ತಿದ್ದ, ಅಂಗಿಯ ತೋಳಿನಿಂದ ಬೆವರು ಒರೆಸಿಕೊಂಡು ಮತ್ತೆ ಏರಿಸುತ್ತಿದ್ದ. ಅವನಿಗೆ ಮುಖವಾಡ ಕೊಟ್ಟಿದ್ದರು, ಸಹಿಯನ್ನೂ ಹಾಕಿಸಿಕೊಂಡಿದ್ದರು. ಅದು ಅವನ ಮುಖಕ್ಕೆ ಸರಿಯಾಗಿ ಕೂರುತ್ತದೆಯೇ ಎಂದು ಒಮ್ಮೆಯೂ ಯಾರೂ ಪರೀಕ್ಷಿಸಿರಲಿಲ್ಲ. ಬಿಸಿಲಿಗೆ ಕಾದ ಟ್ಯಾಂಕಿನ ಹೊಟ್ಟೆಯೊಳಗೆ ಬಗ್ಗಿ ಕುಳಿತು ಕೆರೆಯುವ ಮನುಷ್ಯನನ್ನು ಕಲ್ಪಿಸಿಕೊಂಡಾಗಲೆಲ್ಲ ನನಗೆ ಆ ಎರಡು ಗೆರೆಗಳು ಕಣ್ಣಿಗೆ ಕಟ್ಟುತ್ತವೆ.

ಧೂಳು ಕಾಲಕ್ರಮದಲ್ಲಿ ತಾನಾಗಿಯೇ ಹೋಗುತ್ತದೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಬಯಲಿನಲ್ಲಿ ಮಳೆ ಗಾಳಿಗೆ ಅದು ಚದುರಿಹೋಗುತ್ತದೆ, ನಿಜ. 1999ರಲ್ಲಿ ಕೊಸೊವೊದಲ್ಲಿ ಅಮೆರಿಕದ ಎ-10 ಯುದ್ಧವಿಮಾನಗಳು ಇಂಥ 30 ಮಿಲಿಮೀಟರಿನ ಸುಮಾರು 31,000 ಗುಂಡುಗಳನ್ನು ಹಾರಿಸಿದ್ದವು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ತಂಡ ಅಲ್ಲಿಗೆ ಹೋದಾಗ ವಿಶಾಲ ಪ್ರದೇಶದ ಮಾಲಿನ್ಯವೇನೂ ಕಾಣಲಿಲ್ಲ, ಗುಂಡು ಬಿದ್ದ ಜಾಗಗಳಲ್ಲಷ್ಟೇ ಅಂಗೈಯಗಲದ ಚುಕ್ಕೆಗಳಂತೆ ಮಾಲಿನ್ಯ ಉಳಿದಿತ್ತು. ಆದರೆ ಮುಂದೆ ಬೋಸ್ನಿಯಾದಲ್ಲಿ, 1995ರ ದಾಳಿಯ ಏಳು ವರ್ಷಗಳ ಬಳಿಕ, ಹಾಜಿಚಿ ಎಂಬಲ್ಲಿನ ಟ್ಯಾಂಕ್ ದುರಸ್ತಿ ಕಾರ್ಖಾನೆಯ ಕಟ್ಟಡದೊಳಗಿನ ಗಾಳಿಯಲ್ಲೇ ಅದೇ ಸಂಸ್ಥೆಯ ತಂಡಕ್ಕೆ ಡಿಪ್ಲೀಟೆಡ್ ಯುರೇನಿಯಂ ಕಣಗಳು ಸಿಕ್ಕವು. ಪ್ರಮಾಣ ಕಡಿಮೆಯಿತ್ತು. ಆದರೂ ಮಳೆ ಬೀಳದ, ಗಾಳಿಯಾಡದ ಕಟ್ಟಡದಲ್ಲಿ ನೆಲದ ಧೂಳು ಹೆಜ್ಜೆಯಿಟ್ಟಾಗಲೆಲ್ಲ ಎದ್ದು ಮತ್ತೆ ಕೂರುತ್ತ ಏಳು ವರ್ಷ ಉಳಿದುಕೊಂಡಿತ್ತು ಎಂಬುದನ್ನು ಮರೆಯಬಾರದು. ಅಂಥ ಕಟ್ಟಡವನ್ನು ಒಣ ಪೊರಕೆಯಿಂದ ಗುಡಿಸುವುದೆಂದರೆ ಏಳು ವರ್ಷದ ಹಿಂದಿನ ಧೂಳನ್ನು ಮತ್ತೆ ಉಸಿರಿನ ಎತ್ತರಕ್ಕೆ ತರುವುದು. ಒದ್ದೆ ಬಟ್ಟೆ ಮತ್ತು ಸೂಕ್ಷ್ಮ ಸೋಸುಕವಿರುವ ವ್ಯಾಕ್ಯೂಮ್ ಯಂತ್ರ ಬಳಸಬೇಕೆಂಬುದು ಧೂಳಿನ ಕೆಲಸ ಬಲ್ಲವರಿಗೆಲ್ಲ ಗೊತ್ತಿರುವ ಸಂಗತಿ.

ನೆಲದೊಳಗೆ ಹೂತುಹೋದ ಗುಂಡುಗಳದು ಇನ್ನೊಂದು ಬಗೆ. ಬೆರಳುದ್ದದ, 300 ಗ್ರಾಂ ತೂಗುವ ಈ ಕಡ್ಡಿಗಳು ಮಣ್ಣಿನಲ್ಲಿ ತುಕ್ಕು ಹಿಡಿದು ಮೈಮೇಲೆ ಹಳದಿ ಹುಡಿ ಬಿಡುತ್ತವೆ. ಬೋಸ್ನಿಯಾದಲ್ಲಿ ಏಳು ವರ್ಷಗಳಲ್ಲಿ ಅವು ತಮ್ಮ ತೂಕದ ಕಾಲು ಭಾಗ ಕಳೆದುಕೊಂಡಿದ್ದವು. ಮಣ್ಣಿನ ಮೇಲೆ ನಡೆಯುತ್ತ ವಿಕಿರಣ ಮಾಪಕ ಹಿಡಿದು ಹುಡುಕುವವನಿಗೆ ಅವು ಸುಲಭಕ್ಕೆ ಸಿಗುವುದಿಲ್ಲ, ಗೇಣುದ್ದದ ಮಣ್ಣು ಮುಚ್ಚಿದ್ದರೂ ಮಾಪಕ ಸುಮ್ಮನಿರುತ್ತದೆ. ಮಾಪಕ ಸದ್ದು ಮಾಡಲಿಲ್ಲ ಎಂಬ ಧೈರ್ಯದಲ್ಲಿ ಬರಿಗೈಯಲ್ಲಿ ಅಗೆಯುವುದು ಸಲ್ಲ ಎಂದು ಆ ಕೆಲಸಕ್ಕೆ ಹೋಗುವವರಿಗೆ ಯಾರಾದರೂ ಹೇಳಿಕೊಡಬೇಕಷ್ಟೆ.

ಯುದ್ಧವೇ ಆಗಬೇಕೆಂದಿಲ್ಲ. ಹಳೆಯ ಬೋಯಿಂಗ್ 747 ವಿಮಾನಗಳ ಬಾಲದಲ್ಲಿ ಸಮತೋಲನಕ್ಕೆಂದು ಇದೇ ಲೋಹದ ತೂಕಗಳನ್ನು ಇಡುತ್ತಿದ್ದರು. 1992ರ ಅಕ್ಟೋಬರ್ 4ರಂದು ಆಮ್‌ಸ್ಟರ್‌ಡ್ಯಾಮಿನ ಬೈಲ್ಮರ್ ಬಡಾವಣೆಯ ವಸತಿ ಕಟ್ಟಡಗಳ ಮೇಲೆ ಬಿದ್ದು 43 ಜನರನ್ನು ಬಲಿತೆಗೆದುಕೊಂಡ ಇಸ್ರೇಲಿನ ಎಲ್ ಆಲ್ ಸಂಸ್ಥೆಯ ಸರಕು ವಿಮಾನದಲ್ಲಿ ಅಂಥ 282 ಕಿಲೋ ಯುರೇನಿಯಂ ಇತ್ತು, ಅದರಲ್ಲಿ 152 ಕಿಲೋ ಕೊನೆಗೂ ಸಿಗಲಿಲ್ಲ. ಬೆಂಕಿ ಆರಿಸಿದವರು, ಅವಶೇಷ ಕಾದ ಪೊಲೀಸರು, ವಿಮಾನ ನಿಲ್ದಾಣದ ಹ್ಯಾಂಗರಿನಲ್ಲಿ ಆ ಅವಶೇಷಗಳನ್ನು ಕೈಯಾರೆ ವಿಂಗಡಿಸಿದವರು ವರ್ಷಗಳ ಕಾಲ ಸುಸ್ತು, ಉಸಿರಾಟದ ತೊಂದರೆ, ಮೈಕೈ ನೋವು ಹೇಳಿಕೊಂಡರು. ಸಂಸತ್ತಿನ ವಿಚಾರಣೆಯೂ ನಡೆಯಿತು. ಅವರನ್ನು ವ್ಯವಸ್ಥಿತವಾಗಿ ಪರೀಕ್ಷಿಸಿದ ಅಧ್ಯಯನ ಶುರುವಾಗುವ ಹೊತ್ತಿಗೆ ದುರಂತ ನಡೆದು ಏಳು ವರ್ಷ ಕಳೆದಿತ್ತು. ಅಲ್ಲಿ ಕೆಲಸ ಮಾಡಿದವರಲ್ಲಿ ತೊಂದರೆ ಹೇಳಿಕೊಳ್ಳುವವರು ಹೆಚ್ಚಿದ್ದರು ಎಂಬುದು ಖಚಿತವಾಯಿತು, ಆದರೆ ಆ ತೊಂದರೆಗಳಿಗೆ ತಾಳೆಯಾಗುವಂಥ ಸ್ಪಷ್ಟ ವ್ಯತ್ಯಾಸವೇನೂ ಪ್ರಯೋಗಾಲಯದಲ್ಲಿ ಕಾಣಲಿಲ್ಲ. ಮೊದಲ ವಾರದಲ್ಲೇ ಪ್ರತಿಯೊಬ್ಬರಿಂದ ಒಂದು ಸೀಸೆ ಮೂತ್ರ ತೆಗೆದಿಟ್ಟಿದ್ದರೆ ಯುರೇನಿಯಂನ ಮಟ್ಟಿಗಾದರೂ ಅವರಿಗೆ ಹೌದೋ ಅಲ್ಲವೋ ಎಂಬ ಉತ್ತರ ಅಂದೇ ಸಿಗುತ್ತಿತ್ತು. ಅದು ಸಿಗದೆ ಹೋದದ್ದರಿಂದ ವರ್ಷಗಟ್ಟಲೆ ಅನುಮಾನ ಹೊತ್ತು ಬದುಕಿದ್ದೂ ಒಂದು ಕಾಯಿಲೆಯೇ ಎಂದು ನಾನು ತಿಳಿದಿದ್ದೇನೆ.

ಆರೋಗ್ಯದ ಮೇಲೆ ಪರಿಣಾಮವೇನು ಎಂಬ ಪ್ರಶ್ನೆಗೆ ವಿಜ್ಞಾನ ಇದುವರೆಗೆ ಕೊಟ್ಟಿರುವ ಉತ್ತರವನ್ನು ಉಬ್ಬಿಸದೆ, ಅಡಗಿಸದೆ ಹೇಳಬೇಕು. ಅಮೆರಿಕದ ಬಾಲ್ಟಿಮೋರಿನಲ್ಲಿ ಮಾಜಿ ಸೈನಿಕರ ಆಸ್ಪತ್ರೆಯೊಂದು 1993ರಿಂದ, ಕೊಲ್ಲಿ ಯುದ್ಧದಲ್ಲಿ ತಮ್ಮವರದೇ ಗುಂಡಿಗೆ ಸಿಕ್ಕವರನ್ನು ಎರಡು ವರ್ಷಕ್ಕೊಮ್ಮೆ ಕರೆಸಿ ಪರೀಕ್ಷಿಸುತ್ತ ಬಂದಿದೆ. ಮೈಯೊಳಗೆ ಚೂರುಗಳು ಉಳಿದವರ ಮೂತ್ರದಲ್ಲಿ ದಶಕಗಳ ನಂತರವೂ ಯುರೇನಿಯಂ ಹೆಚ್ಚಾಗಿಯೇ ಬರುತ್ತಿದೆ. ಆದರೂ ಅವರ ಮೂತ್ರಪಿಂಡಗಳಲ್ಲಿ ಸೂಕ್ಷ್ಮ ಬದಲಾವಣೆಗಳ ಸುಳಿವನ್ನು ಬಿಟ್ಟರೆ ಚಿಕಿತ್ಸೆ ಬೇಕಾಗುವಂಥ ಹಾನಿ ಕಂಡುಬಂದಿಲ್ಲ. ಬ್ರಿಟನ್ನಿನ ರಾಯಲ್ ಸೊಸೈಟಿ 2001 ಮತ್ತು 2002ರಲ್ಲಿ ಕೊಟ್ಟ ಎರಡು ವರದಿಗಳು ಬಹುತೇಕ ಸೈನಿಕರಿಗೆ ಅಪಾಯ ತೀರ ಕಡಿಮೆ ಎಂದವು, ಅದರ ಜೊತೆಗೇ ಪೆಟ್ಟು ತಿಂದ ವಾಹನದೊಳಗಿದ್ದವರು ಮತ್ತು ಅಂಥ ವಾಹನಗಳನ್ನು ಬಹುಕಾಲ ಸ್ವಚ್ಛಗೊಳಿಸಿದವರು ಈ ಮಾತಿಗೆ ಹೊರತಾಗಬಹುದು, ಹೆಚ್ಚು ಧೂಳು ಸೇವಿಸಿದ ಕೆಲವರ ಮೂತ್ರಪಿಂಡಕ್ಕೆ ಹಾನಿಯಾಗಬಹುದು, ಶ್ವಾಸಕೋಶದ ಕ್ಯಾನ್ಸರಿನ ಸಂಭವ ಏರಬಹುದು ಎಂದು ಎಚ್ಚರಿಸಿದವು. ಇಲಿಗಳ ಸ್ನಾಯುವಿನಲ್ಲಿ ಈ ಲೋಹದ ಚೂರುಗಳನ್ನು ಇಟ್ಟು ನೋಡಿದ ಪ್ರಯೋಗದಲ್ಲಿ ಗಡ್ಡೆಗಳು ಬೆಳೆದದ್ದೂ 2002ರಲ್ಲಿ ಪ್ರಕಟವಾಗಿದೆ. ಕೊಲ್ಲಿ ಯುದ್ಧದ ನಂತರ ಟ್ಯಾಂಕುಗಳನ್ನು ತೊಳೆಯುವ ಕೆಲಸ ಮಾಡಿದ್ದ ಬ್ರಿಟಿಷ್ ಮಾಜಿ ಸೈನಿಕರೊಬ್ಬರು ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡಾಗ, ಅದಕ್ಕೆ ಈ ಯುರೇನಿಯಂ ಕಾರಣವಾಗಿರುವ ಸಂಭವವೇ ಹೆಚ್ಚು ಎಂದು 2009ರಲ್ಲಿ ಮರಣ ವಿಚಾರಣೆಯ ಜ್ಯೂರಿ ತೀರ್ಮಾನಿಸಿತು. ಆ ದೇಶದ ರಕ್ಷಣಾ ಇಲಾಖೆ ಅದನ್ನು ಒಪ್ಪಲಿಲ್ಲ. ಒಬ್ಬರ ಮೇಲಿನ ತೀರ್ಮಾನದಿಂದ ಎಲ್ಲರ ವಿಷಯ ಇತ್ಯರ್ಥವಾಗುವುದಿಲ್ಲ ಎಂಬುದು ನನಗೂ ಗೊತ್ತು. ಆದರೆ ‘ಬಹುತೇಕರಿಗೆ ಅಪಾಯವಿಲ್ಲ’ ಎಂಬ ಸರಾಸರಿಯ ಮಾತನ್ನು ಎತ್ತಿ ಹಿಡಿಯುವವರು ಆ ಸರಾಸರಿಯ ಹೊರಗೆ ನಿಂತಿರುವ ಕೆಲವರು ಯಾರೆಂದು ನೋಡಿದರೆ, ಅಲ್ಲಿ ಪೊರಕೆ ಹಿಡಿದವನೂ ಇರುತ್ತಾನೆ.

ಅಳೆಯುವುದು ಕಷ್ಟ ಎಂಬ ವಾದವೂ ಈಗ ನಿಲ್ಲುವುದಿಲ್ಲ. ಪ್ರತಿಯೊಬ್ಬರ ದೇಹದಲ್ಲೂ ಆಹಾರ, ನೀರಿನಿಂದ ಬಂದ 90 ಮೈಕ್ರೋಗ್ರಾಂನಷ್ಟು ಸಹಜ ಯುರೇನಿಯಂ ಇರುವುದರಿಂದ ಒಟ್ಟು ಮೊತ್ತ ನೋಡಿದರೆ ಸಾಲದು, ಯುರೇನಿಯಂನ ಬಹುಪಾಲಾದ ಯುರೇನಿಯಂ-238ಕ್ಕೂ ಯುರೇನಿಯಂ-235ಕ್ಕೂ ಇರುವ ಅನುಪಾತ ನೋಡಬೇಕು. ಸಹಜ ಯುರೇನಿಯಂನಲ್ಲಿ ಅದು ಸುಮಾರು 138, ಗುಂಡಿನ ಯುರೇನಿಯಂನಲ್ಲಿ ಸುಮಾರು 500. ನ್ಯೂಯಾರ್ಕ್ ರಾಜ್ಯದ ಕೊಲೊನಿ ಎಂಬಲ್ಲಿ ಈ ಲೋಹದ ಕಾರ್ಖಾನೆಯೊಂದು 1984ರಲ್ಲಿ ಮುಚ್ಚಿತ್ತು. ಬ್ರಿಟನ್ನಿನ ಲೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಎರಡು ದಶಕಗಳ ಮೇಲೆ ಅಲ್ಲಿನ ಕೆಲವರ ಮೂತ್ರವನ್ನು ಪರೀಕ್ಷಿಸಿದಾಗ, ಪರೀಕ್ಷೆಗೆ ಒಳಗಾದ ಮಾಜಿ ಕಾರ್ಮಿಕರೆಲ್ಲರಲ್ಲೂ, ಸುತ್ತಲಿನ ನಿವಾಸಿಗಳಲ್ಲಿ ಐದರಲ್ಲೊಬ್ಬರಲ್ಲೂ ಡಿಪ್ಲೀಟೆಡ್ ಯುರೇನಿಯಂ ಇನ್ನೂ ಸಿಕ್ಕಿತು. 2008ರಲ್ಲಿ ಪ್ರಕಟವಾದ ಆ ಫಲಿತಾಂಶ ಎರಡೂ ಕಡೆಗೆ ಉಪಯುಕ್ತ: ಹೆಚ್ಚು ಧೂಳು ಒಳಗೆ ಹೋಗಿದ್ದರೆ ಬಹುಕಾಲದ ನಂತರವೂ ಪತ್ತೆಯಾಗುತ್ತದೆ, ಪತ್ತೆಯಾಗದಿದ್ದರೆ ಆ ವ್ಯಕ್ತಿಯ ಮನಸ್ಸಿನ ಭಾರ ಇಳಿಯುತ್ತದೆ. ಬ್ರಿಟನ್ನಿನಲ್ಲಿ ಹೀಗೆ ಪರೀಕ್ಷೆ ಮಾಡಿಸಿಕೊಂಡ 400ಕ್ಕೂ ಹೆಚ್ಚು ಮಾಜಿ ಸೈನಿಕರಲ್ಲಿ ಅದು ಕಾಣಲಿಲ್ಲ. ಅದು ಒಳ್ಳೆಯ ಸುದ್ದಿ, ಅದನ್ನೂ ನಾವು ಅಷ್ಟೇ ಸ್ಪಷ್ಟವಾಗಿ ಮುದ್ರಿಸಬೇಕು.

ನಿಷೇಧದ ಚರ್ಚೆಯೂ ನಡೆಯುತ್ತಲೇ ಇದೆ. ಬೆಲ್ಜಿಯಂ 2007ರಲ್ಲಿ ಈ ಶಸ್ತ್ರಗಳನ್ನು ನಿಷೇಧಿಸುವ ಕಾನೂನು ಮಾಡಿತು. ಬಳಸಿದ ದೇಶಗಳು ಬಳಸಿದ ಜಾಗಗಳ ಮಾಹಿತಿ ಕೊಡಬೇಕೆಂದು ಕೇಳುವ ನಿರ್ಣಯದ ಪರವಾಗಿ 2012ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 155 ದೇಶಗಳು ಮತ ಹಾಕಿದವು. ವಿರೋಧಿಸಿದವು ಅಮೆರಿಕ, ಬ್ರಿಟನ್, ಫ್ರಾನ್ಸ್, ಇಸ್ರೇಲ್. ಆ ನಿರ್ಣಯವನ್ನು ಸ್ವಾಗತಿಸುತ್ತಲೇ ಒಂದು ಮಾತು ಹೇಳಬೇಕಾಗಿದೆ. ಅಲ್ಲಿ ಮಾಹಿತಿ ಹರಿಯುವುದು ಒಂದು ಸರ್ಕಾರದಿಂದ ಇನ್ನೊಂದು ಸರ್ಕಾರಕ್ಕೆ, ಅದೂ ಕೇಳಿದಾಗ. ಕೊಸೊವೊದ ಮೇಲಿನ ದಾಳಿ ನಿಂತದ್ದು 1999ರ ಜೂನ್‌ನಲ್ಲಿ, ಗುಂಡು ಬಿದ್ದ 112 ಜಾಗಗಳ ವಿವರವನ್ನು ನ್ಯಾಟೋ ವಿಶ್ವಸಂಸ್ಥೆಗೆ ಕೊಟ್ಟದ್ದು 2000ದ ಜುಲೈನಲ್ಲಿ. ನಡುವಿನ ಆ ಒಂದು ವರ್ಷದಲ್ಲಿ ಸುಟ್ಟ ವಾಹನಗಳು ಯಾರಿಗಾಗಿಯೂ ಕಾಯುತ್ತ ನಿಂತಿರುವುದಿಲ್ಲ. ದಾರಿಗೆ ಅಡ್ಡವಾದದ್ದನ್ನು ಎಳೆದು ಹಾಕುವವರು, ಗುಜರಿಗೆಂದು ಕತ್ತರಿಸುವವರು ಮೊದಲ ವಾರದಲ್ಲೇ ಬಂದಿರುತ್ತಾರೆ. ಗ್ಯಾಸ್ ಕಟ್ಟರಿನ ಜ್ವಾಲೆ ತಾಗಿದ ಕಡೆಯೆಲ್ಲ ಹೊಗೆ ಏಳುತ್ತದೆ, ಮುಖ ಅದರ ಮೇಲೇ ಬಾಗಿರುತ್ತದೆ.

ಆದ್ದರಿಂದ ಉಕ್ರೇನಿನ ವಿಷಯದಲ್ಲಿ ಈಗಲೇ ಕೇಳಬೇಕಾದ ಪ್ರಶ್ನೆ ಗುಂಡು ಕೊಡಬೇಕೋ ಬೇಡವೋ ಎಂಬುದೊಂದೇ ಅಲ್ಲ. ಗುಂಡು ಕೊಟ್ಟವರು, ಅದು ಹಾರಿದ ಜಾಗದ ಪಟ್ಟಿಯನ್ನು ಯುದ್ಧ ಮುಗಿಯುವವರೆಗೂ ಕಾಯದೆ, ಸ್ವಚ್ಛಗೊಳಿಸುವ ತಂಡಗಳ ಕೈಗೆ ನೇರವಾಗಿ ತಲುಪಿಸುವ ವ್ಯವಸ್ಥೆ ಮಾಡಿದ್ದಾರೆಯೇ? ಅದರ ಖರ್ಚು ಯಾರದು? ಕೆಲಸಕ್ಕೆ ಇಳಿಯುವವರ ಮುಖಕ್ಕೆ ಮುಖವಾಡ ಸರಿಯಾಗಿ ಕೂರುತ್ತದೆ ಎಂದು ಪರೀಕ್ಷಿಸುವವರಿದ್ದಾರೆಯೇ? ಪಾಳಿ ಮುಗಿದ ಮೇಲೆ ಬಟ್ಟೆಯನ್ನು ಅಲ್ಲೇ ಕಳಚಿ, ಸ್ನಾನ ಮಾಡಿ ಹೊರಡುವ ಅನುಕೂಲ ಇದೆಯೇ, ಅಥವಾ ಆ ಧೂಳು ಅಂಗಿಯ ಮಡಿಕೆಯಲ್ಲಿ ಮನೆಗೆ ಹೋಗುತ್ತದೆಯೇ? ದಿನಗೂಲಿಯವನ ಹೆಸರು ಯಾವ ಪುಸ್ತಕದಲ್ಲಾದರೂ ಇದೆಯೇ? ನಾನು ಕೊನೆಯ ಪ್ರಶ್ನೆಯನ್ನು ಸುಮ್ಮನೆ ಸೇರಿಸಲಿಲ್ಲ. ಗುತ್ತಿಗೆ ಮುಗಿದ ದಿನವೇ ಆರೋಗ್ಯದ ದಾಖಲೆಯೂ ಮುಗಿದುಹೋಗುವುದನ್ನು ನನ್ನ ಕೆಲಸದ ಅವಧಿಯಲ್ಲಿ ಎಷ್ಟೋ ಸಲ ಕಂಡಿದ್ದೇನೆ, ಮತ್ತು ಮೂತ್ರಪಿಂಡದ ಕಾಯಿಲೆಯಾಗಲಿ ಶ್ವಾಸಕೋಶದ ಗಡ್ಡೆಯಾಗಲಿ ಗುತ್ತಿಗೆಯ ಅವಧಿಯೊಳಗೆ ಬರುವುದಿಲ್ಲ.

ಬೇಕಾಗಿರುವ ಸಾಧನ ದೊಡ್ಡದೇನಲ್ಲ. ಕೆಲಸ ಶುರುವಾಗುವ ಮುನ್ನ ಒಮ್ಮೆ, ಕೆಲಸದ ನಡುವೆ ನಿಯತವಾಗಿ, ಮುಗಿದ ಮೇಲೆ ಮತ್ತೊಮ್ಮೆ, 24 ಗಂಟೆಗಳ ಮೂತ್ರವನ್ನು ಶುದ್ಧವಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಂಗ್ರಹಿಸಬೇಕು. ಧೂಳು ಮೆತ್ತಿದ ಕೈಯಿಂದ ಡಬ್ಬಿ ಮುಟ್ಟದಂತೆ, ಕೆಲಸದ ಬಟ್ಟೆ ಬದಲಿಸಿದ ನಂತರವೇ ಸಂಗ್ರಹಿಸಬೇಕು. ಡಬ್ಬಿಯ ಮೇಲೆ ಹೆಸರು, ತಾರೀಕು, ಆ ವಾರ ಮುಟ್ಟಿದ ವಾಹನಗಳ ಸಂಖ್ಯೆ ಬರೆದಿರಬೇಕು. ಪರೀಕ್ಷೆಯ ಫಲಿತಾಂಶದ ಒಂದು ಪ್ರತಿ ಆ ಕಾರ್ಮಿಕನ ಕೈಯಲ್ಲೇ, ಅವನು ಓದಬಲ್ಲ ಭಾಷೆಯಲ್ಲಿ ಇರಬೇಕು. ಈ ಸುದ್ದಿ ಮುಂದಿನ ಸಲ ತಮ್ಮ ಪುಟಕ್ಕೆ ಬಂದಾಗ ಎಷ್ಟು ಟನ್‌, ಎಷ್ಟು ಗುಂಡು ಎಂಬ ಲೆಕ್ಕದ ಪಕ್ಕದಲ್ಲಿ, ಎಷ್ಟು ಜನ ಸ್ವಚ್ಛಗೊಳಿಸಿದರು, ಅವರಲ್ಲಿ ಎಷ್ಟು ಜನರಿಂದ ಆ ಡಬ್ಬಿ ತೆಗೆದುಕೊಳ್ಳಲಾಯಿತು ಎಂಬುದನ್ನೂ ಕೇಳಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಕಾರ್ಮಿಕ ಆರೋಗ್ಯ ವೈದ್ಯ